ಬಾವುಟದ ಮೇಲಿನ ದೋಣಿ

ಟ್ರಿಸ್ಟನ್ ದ ಕುನ್ಹಾ
೧೨ ಫೆಬ್ರವರಿ ೨೦೦೩

ಪ್ರೀತಿಯ ತಂಗಿ ಡಲ್ಸಿಗೆ, ಅಕ್ಕ ವೆಲ್ಮಾಳ ನೆನಪುಗಳು.

ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಹಡಗೇ ಬರದಿದ್ದರೆ ಬರೆದು ಯಾರ ಕೈಗೆ ಕೊಡಲಿ? ಈಗೊಂದು ಬಂದಿದೆ, ಸಮುದ್ರ ಒಪ್ಪಿದರೆ ನಾಳೆ ನಿಮ್ಮ ಕೇಪ್‌ಟೌನಿಗೆ ಹೊರಡುತ್ತದೆ. ನೀನು ಕಳಿಸಿದ ಸೂಜಿ, ಚಹಾಪುಡಿ ಸೇರಿದವು. ಇಲ್ಲಿ ಆಲೂಗಡ್ಡೆಗೆ ಹುಳು ಬಿದ್ದು ಅರ್ಧ ಬೆಳೆ ಮಣ್ಣುಪಾಲು.

ಬಂದರಿನಲ್ಲಿ ಈ ಸಲವೂ ಸಿರಿಲ್‌ನ ಸುದ್ದಿ ಸಿಗಲಿಲ್ಲವೆಂದು ಬರೆದಿದ್ದೀಯ. ಬೇಸರಿಸಬೇಡ, ಬಂದ ಹಡಗಿನವರನ್ನೆಲ್ಲ ಕೇಳುತ್ತಿರು. ನನ್ನ ಮಗನಿಗೆ ಎಡಗೆನ್ನೆಯ ಮೇಲೆ ಮಚ್ಚೆಯಿದೆ ಎಂದೂ ಹೇಳು.

ನಮ್ಮ ದ್ವೀಪಕ್ಕೆ ಹೊಸ ಬಾವುಟ ಬಂದಿದೆ. ಇಷ್ಟು ವರ್ಷ ಸೇಂಟ್ ಹೆಲೆನಾದವರದ್ದನ್ನು ಹಾರಿಸುತ್ತಿದ್ದೆವಲ್ಲ, ಇದು ನಮ್ಮದೇ. ನೀಲಿ ಬಟ್ಟೆಯ ಮೇಲೆ ಎರಡು ದೊಡ್ಡ ಸಿಗಡಿಗಳು ಗುರಾಣಿ ಹಿಡಿದು ನಿಂತಿವೆ. ಗುರಾಣಿಯಲ್ಲಿ ಕಡಲಹಕ್ಕಿಗಳು, ಮೇಲೊಂದು ಕಿರೀಟ, ಅದರ ಮೇಲೆ ನಮ್ಮ ಕ್ಯಾನ್ವಾಸ್ ದೋಣಿ. ಮೊದಲ ಸಲ ಏರಿಸುವಾಗ ಮುಖಂಡ ಲೆನಾರ್ಡ್ ಗಂಟಲು ಸರಿಮಾಡಿಕೊಂಡು, "ದೋಣಿ ಅಂದ್ರೆ ನಮ್ಮ ಧೈರ್ಯ, ಸಿಗಡಿ ಅಂದ್ರೆ ನಮ್ಮ ಅನ್ನ" ಎಂದು ಶುರುಮಾಡಿದ. ಪಕ್ಕದ ಮನೆ ನೋರೀನ್ ಬಾಯಿ ಮುಚ್ಚಿಕೊಂಡಿರಬೇಕಲ್ಲ! "ನೋಡ್ರೇ, ಇಷ್ಟು ದಿನ ತಿಂದು ತೇಗಿದ್ವಿ, ಇನ್ಮೇಲೆ ಅದಕ್ಕೇ ಸಲಾಮು ಹೊಡೀಬೇಕು!" ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಯಜಮಾನರು ಆಂಬ್ರೋಸ್ ಮಾತ್ರ ಟೋಪಿ ತೆಗೆದು ತಲೆ ತಗ್ಗಿಸಿ ನಿಂತಿದ್ದರು.

ಮನೆಗೆ ಬಂದ ಮೇಲೆ ಬಾಯಿಬಿಟ್ಟರು. ಚಿತ್ರಕ್ಕೆ ಮಾದರಿ ಬೇಕೆಂದಾಗ ಗಂಡಸರೆಲ್ಲ ನನ್ನ ದೋಣಿ, ನನ್ನ ದೋಣಿ ಎಂದು ಕಿತ್ತಾಡಿದರಂತೆ. ಇವರು ನನಗೆ ಹೇಳದೆ ನಮ್ಮ ದೋಣಿಯ ಫೋಟೋ ಕಳಿಸಿಬಿಟ್ಟಿದ್ದರು, ಕೊನೆಗೆ ಅದನ್ನೇ ಆರಿಸಿದರಂತೆ. ಯಾವ ದೋಣಿ ಗೊತ್ತಲ್ಲ? ನೈಟಿಂಗೇಲ್ ದ್ವೀಪಕ್ಕೆ ಹಕ್ಕಿಮೊಟ್ಟೆಗೆಂದು ಹೋದಾಗ ಹಗ್ಗ ಕಳಚಿ ತೇಲಿಹೋಯಿತಲ್ಲ, ಸಿರಿಲ್ ಈಜಿ ಹೋಗಿ ಹತ್ತಿದನಲ್ಲ, ಮಂಜಿನಲ್ಲಿ ದೋಣಿಯೂ ಅವನೂ ಮರೆಯಾಗಿ, ಆಮೇಲೆ ದೋಣಿಯೊಂದೇ ಸಿಕ್ಕಿತಲ್ಲ, ಅದೇ.

"ನಾಲ್ಕು ವರ್ಷ ಆಯ್ತು ಕಣೇ. ಅವನಿಗೋಸ್ಕರ ಒಂದು ಸಲ ಬಾವುಟ ಇಳಿಸಲಿ. ನೀನು ಹೂಂ ಅನ್ನು" ಎಂದರು.

ನಮ್ಮ ರೂಢಿ ನೀನು ಮರೆತಿರಲಾರೆ. ಹೆತ್ತವಳೋ ಹೆಂಡತಿಯೋ ಬಾಯಾರೆ ಹೇಳದೆ ಬಾವುಟ ಅರ್ಧಕ್ಕೆ ಇಳಿಯುವುದಿಲ್ಲ.

"ಹೆಣ ನೋಡಿದ್ದೀರಾ? ಇಲ್ವಲ್ಲ, ಸುಮ್ನಿರಿ. ಯಾವುದೋ ಹಡಗಿನವರು ಎತ್ಕೊಂಡಿರ್ತಾರೆ."

"ಎತ್ಕೊಂಡು ನಾಲ್ಕು ವರ್ಷ ಅನ್ನ ಹಾಕಿ ಸಾಕ್ತಿದ್ದಾರಾ?"

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಅವತ್ತಿನಿಂದ ನಾನು ಇವರ ಜೊತೆ ಮಾತಾಡಿಲ್ಲ. ಬಡಿಸುತ್ತೇನೆ, ತಿನ್ನುತ್ತಾರೆ. ಮನೆ ಮನೆಯಂತಿಲ್ಲ, ಡಲ್ಸಿ.

ನಿನ್ನ ಮಕ್ಕಳು ತಣ್ಣಗಿರಲಿ, ನಿನ್ನ ಒಲೆ ಆರದಿರಲಿ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ವೆಲ್ಮಾ

ಮತ್ತೊಂದು ಮಾತು: ಹಡಗು ಇನ್ನೂ ನಿಂತಿದೆ, ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಲೆನಾರ್ಡ್ ಬಾವುಟ ಏರಿಸುವ ಮುಂಚೆ ಹೋಗಿ, ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ದೋಣಿ ನನ್ನ ಹೆಬ್ಬೆರಳಿಗಿಂತ ದೊಡ್ಡದಿಲ್ಲ. ಅದರಲ್ಲಿ ಯಾರೂ ಇಲ್ಲ. ಎಷ್ಟು ಹೊತ್ತು ನೋಡಿದರೂ ಯಾರೂ ಇಲ್ಲ.

"ಅರ್ಧಕ್ಕೆ ನಿಲ್ಸು" ಎಂದೆ.

"ಯಾರಿಗೆ, ವೆಲ್ಮಕ್ಕಾ?"

"ನನ್ನ ಸಿರಿಲ್‌ಗೆ."

ಅವನು ಹಗ್ಗ ಎಳೆದು ಬಾವುಟವನ್ನು ಅರ್ಧಕ್ಕೇ ಕಟ್ಟಿದ. ಅದನ್ನು ನೋಡಿ ಇವತ್ತು ಯಾರೂ ಮೀನಿಗೆ ಹೋಗಿಲ್ಲ. ಆಂಬ್ರೋಸ್ ಬಾವುಟದ ಕೆಳಗೇ ಕೂತಿದ್ದಾರೆ, ನಾನೂ ಅಲ್ಲಿಗೇ ಹೋಗುತ್ತೇನೆ. ನೀನು ಇನ್ನು ಬಂದರಿಗೆ ಹೋಗಿ ಕೇಳಬೇಡ.