ಗುರುವಾರದ ವಿಮಾನದ ವಿಷಯ

ರಾಣೆಬೆನ್ನೂರು
24 ಜೂನ್ 1987, ಬುಧವಾರ

ಗನಿಭಾಯಿಗೆ ಮಹಮೂದಾಳ ಸಲಾಮು.

ನೀವು ಮುಂಬಯಿಯಿಂದ ಕಳಿಸಿದ ವಿಮಾನದ ಟಿಕೆಟ್ ತಲುಪಿತು. ಅಮ್ಮನ ಹಜ್ ಹಡಗು ಅಲ್ಲಿಂದ ಜುಲೈ ಎರಡರ ಗುರುವಾರ ಸಂಜೆ ಹೊರಡುತ್ತದೆ. ಬೆಳಗಾವಿಯ ವಿಮಾನ ಮುಂಬಯಿ ಮುಟ್ಟುವುದು ಅದೇ ಮಧ್ಯಾಹ್ನ. ಮಳೆಗೆ ನಾಲ್ಕು ತಾಸು ತಡವಾದರೆ ಹಡಗು ಕಾಯುವುದಿಲ್ಲ. ಸಾಮಾನನ್ನು ಹಿಂದಿನ ದಿನ, ಬುಧವಾರವೇ, ಅಲ್ಲಿ ತೋರಿಸಬೇಕೆಂದು ಹಜ್ ಕಾಗದದಲ್ಲಿದೆ. ನೀವು ಅದನ್ನು ಓದಿಲ್ಲವೆಂದುಕೊಳ್ಳುತ್ತೇನೆ.

ಸೋಮವಾರ ರೈಲಿಗೆ ಹೋಗೋಣವೆಂದರೆ ಅಮ್ಮ ಒಪ್ಪುತ್ತಿಲ್ಲ. ಹಜ್‌ಗೆ ಹೊರಡುವವರು ಎಲ್ಲರಲ್ಲೂ ಮಾಫಿ ಕೇಳಬೇಕಲ್ಲ, ಹಲಗೇರಿಯಿಂದ ಹಾಲು ತರುವ ಚೌಡವ್ವನನ್ನೂ ಕೇಳಿದ್ದಾಳೆ. ಉಳಿದವಳು ಬ್ಯಾಡಗಿಯ ದೌಲತಬಿ ಖಾಲಾ, ಹನ್ನೊಂದು ವರ್ಷದಿಂದ ಮಾತು ಬಿಟ್ಟ ಅಮ್ಮನ ತಂಗಿ. ಇಂದು ಮುಂಜಾನೆ ನಾನೂ ಅಮ್ಮನೂ ಅವಳ ಮನೆಗೆ ಹೋಗಿದ್ದೆವು. ಚಹಾ ಕೊಟ್ಟು ಹೇಳಿದಳು: "ಹನ್ನೊಂದು ವರ್ಷ ಬಿಟ್ಟು ಬಂದೀದಿ, ಇನ್ನ ಎಂಟು ದಿನ ಕಾಯಾಕ ಆಗೂದಿಲ್ಲೇನು? ನಿನ್ನ ವಿಮಾನ ಗುರುವಾರ ಐತಿ. ಬರೋ ಬುಧವಾರ ಬಾ, ಮಾಫ್ ಮಾಡೇನೋ ಇಲ್ಲೋ ಹೇಳ್ತೇನಿ."

ಅಮ್ಮನದು ಒಂದೇ ಮಾತು: "ಆಕಿ ಮಾಫ್ ಮಾಡದ ನನ್ನ ಹಜ್ ಹೆಂಗ ಕಬೂಲ್ ಆಗತೈತಿ? ಗನಿ ವಿಮಾನ ಮಾಡ್ಯಾನ, ನೀ ಸುಮ್ನ ಕುಂದ್ರು."

ಅಕ್ಕತಂಗಿಯರ ಹಟಕ್ಕೆ ಮೂರು ದಿನ ಹೆಚ್ಚು ಸಿಕ್ಕಿದ್ದು ನಿಮ್ಮ ಟಿಕೆಟ್ಟಿನಿಂದ.

ದಯವಿಟ್ಟು ಅದನ್ನು ರದ್ದು ಮಾಡಿಸಿ, ಬುಧವಾರ ಬೆಳಿಗ್ಗೆ ಮುಂಬಯಿ ಸ್ಟೇಶನ್ನಿಗೆ ಬನ್ನಿ. ಸೋಮವಾರದ ರೈಲಿಗೆ ಮೂರು ಟಿಕೆಟ್ ತೆಗೆಸುತ್ತೇನೆ. ರೈಲು ಬ್ಯಾಡಗಿಯಲ್ಲಿ ನಿಲ್ಲುತ್ತದೆ, ಖಾಲಾಳನ್ನು ಅಲ್ಲಿ ಹತ್ತಿಸಿಕೊಳ್ಳುತ್ತೇನೆ. ಬುಧವಾರ ಹೇಳುವುದನ್ನು ಅವಳು ಮುಂಬಯಿಯಲ್ಲೇ ಹೇಳಲಿ. ಇಬ್ಬರಿಗೂ ಇದನ್ನು ಇನ್ನೂ ತಿಳಿಸಿಲ್ಲ.

ನಿಮ್ಮ ತಂಗಿ,
ಮಹಮೂದಾ