ಅಮ್ಮನಿಗೆ ಜ್ವರ ಬಂದ ಕಾರಣ

ಕುರುಪ್ ಡಾಕ್ಟರಿಗೆ,

ಬರೆಯುತ್ತಿರುವುದು ಫ್ಲೋರಿಯ ಮಗಳು ಜಸಿಂತ. ಅಂಜುತೆಂಗು ಊರಿನ ಮೀನು ಮಾರುವ ಫ್ಲೋರಿ, ತಲೆಬುರುಡೆಯ ತಳದಲ್ಲಿ ಗಡ್ಡೆ ಇದ್ದವಳು. ಶಸ್ತ್ರಚಿಕಿತ್ಸೆಯಾದವರಿಗೆಲ್ಲ ವರ್ಷದ ಮೇಲೆ ನೀವು ಕಳಿಸುವ ಹಾಳೆ ತಲುಪಿತು. ಬಾಯಿಂದ ಉಣ್ಣುತ್ತಾರೆಯೇ, ಮಾತಾಡುತ್ತಾರೆಯೇ, ಕೆಲಸಕ್ಕೆ ಹೋಗುತ್ತಾರೆಯೇ? ಮೂರಕ್ಕೂ ಇಲ್ಲ ಎಂದು ಗುರುತು ಹಾಕಿದ್ದೇನೆ. ಆಸ್ಪತ್ರೆಯಲ್ಲಿದ್ದಾಗ ಬೇರೆ ತೊಂದರೆಯಾಯಿತೇ ಎಂಬುದಕ್ಕೆ ಒಂದೇ ಗೆರೆ ಜಾಗ ಬಿಟ್ಟಿದ್ದೀರಿ. ಅಷ್ಟರಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಈ ಕಾಗದ.

ಗಡ್ಡೆಯನ್ನು ಎರಡು ಸಲಕ್ಕೆ ತೆಗೆಯುತ್ತೇನೆ ಎಂದಿದ್ದಿರಿ. ನುಂಗುವ ನರ, ದನಿಯ ನರ ಎರಡೂ ಅದರೊಳಗೆ ಸಿಕ್ಕಿಕೊಂಡಿವೆ, ಉಳಿದರೆ ಅದೃಷ್ಟ ಎಂದೂ ಮುಚ್ಚಿಡದೆ ಹೇಳಿದ್ದಿರಿ. ಅಮ್ಮ ನಕ್ಕಿದ್ದಳು. "ನನ್ನ ಬಾಯಿ ಮುಚ್ಸೋಕೆ ಇವಳಪ್ಪನ ಕೈಲೇ ಆಗ್ಲಿಲ್ಲ ಸಾರೇ, ನಿಮ್ಮ ಕೈಲಾಗುತ್ತಾ?" ಆಯಿತು. ಮೊದಲ ಸಲಕ್ಕೇ ದನಿ ಹೋಯಿತು, ಎಂಜಲು ಸಹ ಇಳಿಯದಾಯಿತು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಮಂಚದ ತಲೆಯ ಕಡೆ, ಬಾಯಿಂದ ಆಹಾರ ನೀರು ಕೊಡಬಾರದು ಎಂಬ ಹಲಗೆ ಇತ್ತು. ಒಂದು ಕಡೆ ಕೂರಲಾಗದೆ ಶಾಲೆ ಬಿಟ್ಟವಳು ನಾನು, ಹನ್ನೊಂದು ದಿನ ಮಂಚದ ಪಕ್ಕದ ಸ್ಟೂಲಿನಿಂದ ಅಲುಗಲಿಲ್ಲ. ಗಂಜಿ ತಂದ ಚಿಕ್ಕಮ್ಮನನ್ನು ಬಾಗಿಲಲ್ಲೇ ಬೈದು ಕಳಿಸಿದೆ. ಹನ್ನೆರಡನೆಯ ದಿನ ಭಾನುವಾರ. ನಮ್ಮ ಇಗರ್ಜಿಯ ಫಾದರ್ ಪರಮಪ್ರಸಾದ ತಂದರು. ಅಮ್ಮ ಕೈಮುಗಿದು ನಾಲಿಗೆ ಚಾಚಿದಳು. ಅದು ಒಂದು ಬದಿಗೆ ವಾಲಿತು. ಫಾದರ್ ಹಲಗೆ ನೋಡಿದರು, ನನ್ನನ್ನು ನೋಡಿದರು.

"ಕೊಡಿ ಫಾದರ್, ಇದೇನು ಊಟವಾ?" ಎಂದೆ.

ನಮ್ಮ ಕಡಲತೀರದಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ನಮಗೆ ಅದು ಕ್ರಿಸ್ತನ ಶರೀರ. ಅದನ್ನು ಗೋಧಿಯಲ್ಲಿ ಮಾಡಿರುತ್ತಾರೆ ಎಂಬುದು ತಲೆಗೇ ಬರುವುದಿಲ್ಲ. ಆ ತೆಳ್ಳನೆಯ ಬಿಳಿ ರೊಟ್ಟಿ ಅಂಗುಳಕ್ಕೆ ಅಂಟಿತು. ಮೇಲೊಂದು ಚಮಚ ನೀರು ಕೊಟ್ಟವಳೂ ನಾನೇ. ಅಮ್ಮ ಕೆಮ್ಮಲಿಲ್ಲ, ಕೆಮ್ಮುವ ಶಕ್ತಿ ಉಳಿದಿರಲಿಲ್ಲ. ಕಣ್ಣು ಮುಚ್ಚಿದಳು. ಸಮಾಧಾನವಾಯಿತು ಎಂದುಕೊಂಡೆ.

ಸಂಜೆಗೆ ಜ್ವರ. ಗಂಟಲಿಗೆ ಇಳಿದದ್ದು ಶ್ವಾಸಕೋಶಕ್ಕೆ ಹೋಗಿ, ಅದು ಕೆಟ್ಟು ಎರಡು ತಿಂಗಳು ಯಂತ್ರದ ಉಸಿರು. ಎರಡನೆಯ ಶಸ್ತ್ರಚಿಕಿತ್ಸೆ ನಿಂತೇಹೋಯಿತು. ತಿನ್ನಲು ಏನಾದರೂ ಕೊಟ್ಟಿರಾ ಎಂದು ನರ್ಸ್ ಕೇಳಿದಾಗ ಇಲ್ಲ ಎಂದೆ. ಆಗ ಅದು ಸುಳ್ಳು ಅನ್ನಿಸಲೇ ಇಲ್ಲ. ಅನ್ನಿಸಿದ ಮೇಲೆ ಬಾಯಿ ಬರಲಿಲ್ಲ.

ಹೋದ ತಿಂಗಳು ಹೊಸ ಸ್ಕ್ಯಾನ್ ನೋಡಿದಿರಿ. ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿತ್ತು. "ಇನ್ನು ಮುಟ್ಟೋಕಾಗಲ್ಲ ಜಸಿಂತಾ" ಎಂದಿರಿ. ಆಮೇಲೆ ನಿಮಗೆ ನೀವೇ ಹೇಳಿಕೊಂಡಂತೆ, "ನರಾನ ಇನ್ನೂ ಮೆಲ್ಲಗೆ ಬಿಡಿಸಿದ್ರೆ ಆ ಜ್ವರ ಬರ್ತಿರ್ಲಿಲ್ವೇನೋ" ಎಂದಿರಿ. ನಿಮ್ಮ ದಾಖಲೆಯಲ್ಲಿ ಅದು ನಿಮ್ಮ ಕೈಯ ತಪ್ಪಾಗಿ ಉಳಿಯಬಾರದು. ಮಗಳು ಕೊಟ್ಟಳು ಎಂದು ಬರೆಯಿರಿ.

ಅಮ್ಮನಿಗೆ ಇದು ಗೊತ್ತಿಲ್ಲ. ಈಗ ಹೊಟ್ಟೆಗೆ ಹಾಕಿದ ಕೊಳವೆಯಲ್ಲಿ ಗಂಜಿತಿಳಿ. ಭಾನುವಾರ ಇಗರ್ಜಿಯ ಗಂಟೆ ಕೇಳಿದೊಡನೆ ಅವಳು ನಾಲಿಗೆ ಚಾಚಿ ಕಾಯುತ್ತಾಳೆ. ಮನೆಗೆ ಬಂದಾಗಿನಿಂದ ಫಾದರನ್ನು ಒಳಗೆ ಬಿಟ್ಟಿಲ್ಲ ನಾನು. ಹೋದ ವಾರ ಸ್ಲೇಟಿನ ಮೇಲೆ ಮೂರನೇ ತರಗತಿಯವರೆಗೆ ಕಲಿತ ಅಕ್ಷರದಲ್ಲಿ ಬರೆದಳು: "ನಾನೇನು ಪಾಪ ಮಾಡ್ದೆ?"

ಇವತ್ತು ಬೆಳಿಗ್ಗೆ ಇಗರ್ಜಿಗೆ ಹೋದೆ. ಫಾದರಿಗೆ ಮಾತ್ರ ಎಲ್ಲ ಹೇಳಿದೆ. ಅವರು, ನಾಳೆ ಬರುತ್ತೇನೆ, ಕಾಳಿನಷ್ಟು ಚೂರು ಸಾಕು ಎಂದರು. ಅವಳಿಗೆ ಕಾಳಿನಷ್ಟೂ ಹೆಚ್ಚೇ ಎಂದು ನನಗೆ ಗೊತ್ತು. ನೀವು ಬೇಡ ಅನ್ನುತ್ತೀರಿ ಎಂದೂ ಗೊತ್ತು. ಅದಕ್ಕೇ ಈ ಕಾಗದವನ್ನು ಶನಿವಾರ ಸಂಜೆ ಟಪಾಲಿಗೆ ಹಾಕುತ್ತಿದ್ದೇನೆ. ನಿಮ್ಮ ಕೈ ಸೇರುವಷ್ಟರಲ್ಲಿ ಅಮ್ಮ ನುಂಗಿರುತ್ತಾಳೆ.

ನಿಮ್ಮ ಶಸ್ತ್ರಚಿಕಿತ್ಸೆಯ ಮೇಜಿಗೆ ಮುಂದೆ ಬರುವವರ ನರಗಳಾದರೂ ಉಳಿಯಲಿ.

ಜಸಿಂತ