ಹಳೇ ಬೀಗವೇ ಸಾಕಂತೆ

ಅಂಗಡಿಯ ಹಿಂದಿನ ಕೋಣೆಯಿಂದ,
ಹತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ, ಮೊಂಡು ಅಣ್ಣನಿಗೆ,

ಈ ಮನೆತನದ ಕಿರಿಯ ಕುಡಿಯೂ, ಅಪ್ಪನ ಬೀಗದಂಗಡಿಯಲ್ಲಿ ಅರ ಹಿಡಿದು ಲೋಹ ಉಜ್ಜುವ ಇಲಾಖೆಯ ಮುಖ್ಯಸ್ಥೆಯೂ ಆದ ನಿನ್ನ ತಂಗಿ ಮಾಡುವ ಘನವಾದ ನಮಸ್ಕಾರಗಳು. ಹೇಗಿದ್ದೀಯ? ಕೆಮ್ಮು ಹೋಯಿತಾ? ನೀನು ಬೇಕರಿಯ ಒಲೆ ಮುಂದೆ ಬೆವರಿ, ಹಾಗೇ ಹೊರಗೆ ಬಂದು ಗಾಳಿಗೆ ನಿಲ್ಲುತ್ತೀಯ ಅಂತ ಅಜ್ಜಿಗೆ ಕನಸು ಬಿದ್ದಿದೆ. ಅಜ್ಜಿಯ ಕನಸಿಗೆ ಸಾಕ್ಷಿ ಪುರಾವೆ ಬೇಕಿಲ್ಲ, ಸುಮ್ಮನೆ ಕೊರಳಿಗೆ ಬಟ್ಟೆ ಸುತ್ತಿಕೋ. ಇಲ್ಲಿ ಅಪ್ಪನ ಮೊಣಕಾಲು ನೋವು ಮೊದಲಿನ ಹಾಗೇ ಇದೆ, ಮಾತು ಮೊದಲಿಗಿಂತ ಕಡಿಮೆ. ಅಜ್ಜಿಯ ಕಿವಿಗೆ ಬೇಡದ್ದೆಲ್ಲ ಚೆನ್ನಾಗಿ ಕೇಳಿಸುತ್ತದೆ. ಅವಳ ಪ್ರಾರ್ಥನೆ ನಿನಗೆ ಗೊತ್ತಲ್ಲ, ನಡುವೆ ಒಂದು ‘ಹೂಂ’ ಅನ್ನುವುದಕ್ಕೂ ದೇವರಿಗೆ ಬಿಡುವು ಕೊಡುವುದಿಲ್ಲ. ಈಗಲೂ ಮೊದಲು ಬರುವುದು ನಿನ್ನ ಹೆಸರೇ. ಎಲ್ಲ ಮುಗಿದ ಮೇಲೆ, “ಈ ಕಪೀನೂ ಸ್ವಲ್ಪ ನೋಡ್ಕೋ ಸ್ವಾಮಿ, ಪುರುಸೊತ್ತಾದ್ರೆ” ಅಂತ ನನ್ನ ಸರದಿ.

ನಿನ್ನ ಕಾಗದ ಬಂತು. ಜೈಲಿನಿಂದ ಹೊರಬಂದು ಇಷ್ಟು ಕಾಲವಾದರೂ ಮನೆಗೆ ಯಾಕೆ ಬಂದಿಲ್ಲ ಎಂಬುದಕ್ಕೆ ನೀನು ಬರೆದ ಕಾರಣವನ್ನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. “ಮೊದಲು ನಾನು ಮನುಷ್ಯ ಆಗ್ತೀನಿ, ಆಮೇಲೆ ಅಪ್ಪನ ಹೊಸ್ತಿಲು ತುಳೀತೀನಿ.” ಅಣ್ಣಾ, ನಾನು ಹುಟ್ಟಿದಾಗಿನಿಂದ ನಿನ್ನನ್ನು ಬಲ್ಲವಳಾಗಿ ಹೇಳುತ್ತೇನೆ, ಅದಕ್ಕೆ ಬಹಳ ಕಾಲ ಹಿಡಿಯುತ್ತದೆ. ಅಜ್ಜಿಗೆ ಅಷ್ಟು ವಯಸ್ಸು ಉಳಿದಿಲ್ಲ. ಔಷಧಿ ಅಂಗಡಿಯವರು ರಿಪೇರಿಗೆ ಕೊಟ್ಟ ಬೀಗಕ್ಕೆ ನೀನು ಗುಟ್ಟಾಗಿ ಇನ್ನೊಂದು ಬೀಗದ ಕೈ ಮಾಡಿಟ್ಟುಕೊಂಡು, ಅವರ ಬೀರು ತೆಗೆದು ದೋಚಿದ್ದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಬೀಗದವನ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಈಗಲೂ ಕೆಲವರು ರಿಪೇರಿಗೆ ಬಂದರೆ ಕೆಲಸ ಮುಗಿಯುವ ತನಕ ಅಪ್ಪನ ಕೈಯನ್ನೇ ನೋಡುತ್ತಾ ಎದುರಿಗೆ ನಿಂತಿರುತ್ತಾರೆ. ಅಪ್ಪ ಸ್ಟೂಲು ಒರೆಸಿ, “ಕೂತ್ಕೊಂಡೇ ನೋಡಿ” ಅನ್ನುತ್ತಾರೆ. ಅಷ್ಟೇ.

ಈಗ ಮುಖ್ಯ ವರದಿ. ಸಭಿಕರು ಶಾಂತರಾಗಬೇಕು. ಹೋದ ವಾರ ನಾನು ಮೊದಲ ಸಲ ಒಂದು ಬೀಗವನ್ನು ಪೂರ್ತಿ ನನ್ನ ಕೈಯಾರೆ ಮಾಡಿ ಮುಗಿಸಿದೆ. ಹಿತ್ತಾಳೆಯದು, ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಇದನ್ನು ನಮ್ಮ ಮನೆ ಬಾಗಿಲಿಗೇ ಹಾಕುವುದೆಂದು ನಿರ್ಧರಿಸಿದೆ. ಹಳೇ ಬೀಗದ ಸ್ವಭಾವ ನಿನಗೆ ಗೊತ್ತು, ಅದಕ್ಕೆ ಮನಸ್ಸು ಬಂದರೆ ಮಾತ್ರ ತೆರೆಯುತ್ತದೆ. ಅದೂ ಅಲ್ಲದೆ ಗಿರಾಕಿಗಳಿಗೆ ಅಪ್ಪ ಹೇಳುವ ಶಾಸ್ತ್ರ ಒಂದಿದೆಯಲ್ಲ, “ಬೀಗದ ಕೈ ಹೊರಗೆ ಹೋಯ್ತಾ? ಹಾಗಾದ್ರೆ ಬೀಗಾನೇ ಬದಲಾಯ್ಸಿ” ಅಂತ. ನಮ್ಮ ಮನೆಯ ಬೀಗದ ಕೈ ಒಂದು ನಿನ್ನ ಹತ್ತಿರವೇ ಉಳಿದಿದೆ. ಶಾಸ್ತ್ರ ನನ್ನ ಪರವಾಗಿತ್ತು. ಅಪ್ಪ ಕ್ಷೌರಕ್ಕೆ ಹೋದಾಗ ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಮೇಲೆ ಅಜ್ಜಿಯ ಟವೆಲ್ಲು ಹೊದಿಸಿ, ಅಪ್ಪ ಬಂದೊಡನೆ ಭಾಷಣ ಸಮೇತ ಅನಾವರಣ ಮಾಡಿದೆ. ಮುಖ್ಯ ಅತಿಥಿಯಾದ ಅಜ್ಜಿ ಚಪ್ಪಾಳೆ ತಟ್ಟಿ ಟವೆಲ್ಲು ವಾಪಸು ಕೇಳಿದಳು.

ಅಪ್ಪ ಬಾಗಿ, ಕಿವಿಗೊಟ್ಟು, ನಿಧಾನವಾಗಿ ತಿರುಗಿಸಿ ನೋಡಿದರು. “ಕೆಲಸ ಚೆನ್ನಾಗಿದೆ” ಅಂದರು. ಅಪ್ಪನ ಬಾಯಲ್ಲಿ! ನಾನು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ ಅವರು ಸ್ಕ್ರೂಡ್ರೈವರ್ ತಂದು ನನ್ನ ಬೀಗವನ್ನು ಬಿಚ್ಚತೊಡಗಿದರು. ನನಗೆ ಮೈ ಉರಿದುಹೋಯಿತು. ಸುಳ್ಳು ಯಾಕೆ ಹೇಳಲಿ, ನಿನ್ನ ಮೇಲೇ ಉರಿಯಿತು. ಮನೆಯಲ್ಲಿದ್ದು ಅರ ಉಜ್ಜಿ ಉಜ್ಜಿ ಬೆರಳು ಸವೆಸಿದವಳು ನಾನು. “ಊರಿಗೆಲ್ಲ ಬದಲಾಯ್ಸಿ ಅಂತೀರಿ, ನಮ್ಮನೆಗೆ ಯಾಕಿಲ್ಲ? ಒಂದು ಬೀಗದ ಕೈ ಅವನ ಹತ್ರಾನೇ ಇದೆಯಲ್ಲಪ್ಪಾ!” ಅಂತ ಕೂಗಿದೆ. ಅಪ್ಪ ತಲೆ ಎತ್ತದೆ, “ಅದಕ್ಕೇ” ಅಂದರು. ಕೊನೆಯ ಸ್ಕ್ರೂ ಬಿಚ್ಚಿ, “ನಿನ್ನ ಬೀಗ ಅಂಗಡಿಗೆ ಹಾಕೋಣ ಮಗಳೇ. ಅಲ್ಲಿಗೆ ಕಳ್ಳರು ಬರ್ತಾರೆ. ಇಲ್ಲಿಗೆ ಮಗ ಬರ್ತಾನೆ” ಅಂದರು. ಆಮೇಲೆ ಹಳೇ ಬೀಗ ಮುಂದಿಟ್ಟುಕೊಂಡು ಕೂತರು. ಸ್ಪ್ರಿಂಗ್ ಮಾತ್ರ ಹೊಸದು. ಒಳಗಿನ ಬೇರೆ ಯಾವುದಕ್ಕೂ ಅರ ತಾಗಿಸಲಿಲ್ಲ. ತಾಗಿಸಿದರೆ ನಿನ್ನ ಹತ್ತಿರ ಇರುವ ಬೀಗದ ಕೈ ತಿರುಗುವುದಿಲ್ಲವಲ್ಲ. ಬೇರೆಯವರ ಬೀಗಕ್ಕಾದರೆ ಕಾಫಿ ಆರುವಷ್ಟರಲ್ಲಿ ಮುಗಿಸುವ ಕೆಲಸ, ಸಂಜೆಯ ತನಕ ಮಾಡಿದರು.

ನ್ಯಾಯ ಕೇಳಲು ನಾನು ಚರ್ಚಿಗೆ ಹೋದೆ. ಪಾದ್ರಿಗಳು ಏಣಿ ಹತ್ತಿ ಬಲ್ಬು ಬದಲಾಯಿಸುತ್ತಿದ್ದರು. ಸುಸಂದರ್ಭ. “ಕೆಟ್ಟವನು ಮೊದಲು ತಿದ್ಕೋಬೇಕಾ, ದೇವರು ಮೊದಲು ಪ್ರೀತಿಸಬೇಕಾ? ಚಿಕ್ಕದಾಗಿ ಹೇಳಿ ಪಾದ್ರಿಗಳೇ, ಏಣಿ ನನ್ನ ಕೈಲಿದೆ” ಅಂದೆ. “ತಾಯೀ, ಮೊದಲು ಗಟ್ಟಿಯಾಗಿ ಹಿಡ್ಕೋ” ಅಂದರು. ಆಮೇಲೆ ಮೇಲಿನಿಂದಲೇ, “ನಾವು ತಿದ್ಕೊಳ್ಳಲಿ ಅಂತ ಕಾದಿದ್ರೆ ಯೇಸುಸ್ವಾಮಿ ಇನ್ನೂ ಕಾಯ್ತಾನೇ ಇರ್ಬೇಕಿತ್ತು. ನಾವು ಕೆಟ್ಟಿದ್ದಾಗ್ಲೇ ಪ್ರಾಣ ಕೊಟ್ಟಿದ್ದು” ಅಂದರು. ಹಾಗಾದರೆ ಪಶ್ಚಾತ್ತಾಪ ಯಾತಕ್ಕೆ ಅಂತ ನಾನು ವಕೀಲಿ ಮಾಡಿದೆ. “ಅದು ಬಾಗಿಲಲ್ಲಿ ತೋರಿಸೋ ಟಿಕೇಟಲ್ಲ ಕಣಮ್ಮಾ, ಒಳಗೆ ಬಂದು ಕೂತ ಮೇಲೆ ತಾನಾಗೇ ಬರೋ ಅಳು.” ಇಷ್ಟು ಹೇಳಿ ಇಳಿದು ಸ್ವಿಚ್ ಒತ್ತಿದರೆ ಬೆಳಕೇ ಇಲ್ಲ. ಕೆಟ್ಟ ಬಲ್ಬನ್ನೇ ಮತ್ತೆ ಹಾಕಿದ್ದರು. ಆದರೂ ಮಾತಿನಲ್ಲಿ ದೋಷ ಹುಡುಕಲು ನನಗಾಗಲಿಲ್ಲ, ದಾರಿಯುದ್ದಕ್ಕೂ ಹುಡುಕಿದೆ.

ಆದ್ದರಿಂದ ಮಾನ್ಯ ಅಣ್ಣನವರೇ, ಮನುಷ್ಯರಾಗುವ ಕೆಲಸವನ್ನು ತಾವು ಇಲ್ಲಿಗೇ ತಂದು ಮುಂದುವರಿಸಬಹುದು. ನಿನ್ನ ಮಂಚದ ಮೇಲೆ ಗುಡ್ಡೆ ಹಾಕಿರುವ ನನ್ನ ಬಟ್ಟೆಗಳನ್ನು ತೆಗೆಯುತ್ತೇನೆ. ಇದಕ್ಕಿಂತ ದೊಡ್ಡ ತ್ಯಾಗವನ್ನು ನನ್ನಿಂದ ಬಯಸಬೇಡ. ಅಜ್ಜಿ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾಳೆ ಅಂದುಕೋ, ಅಷ್ಟು ದೂರ ಕೈ ಎಟುಕದ್ದಕ್ಕೆ ಬೈಯುತ್ತಲೂ ಇದ್ದಾಳೆ. ದೇವರು ನಿನ್ನ ಕೆಮ್ಮನ್ನೂ ಮೊಂಡುತನವನ್ನೂ ಒಟ್ಟಿಗೆ ಗುಣಮಾಡಲಿ.

ಇಂತಿ ನಿನ್ನ,
ಕಪಿ

ಮರೆತಿದ್ದೆ: “ಅವನು ಬೀಗದ ಕೈ ಎಲ್ಲೋ ಎಸೆದುಬಿಟ್ಟಿದ್ರೆ?” ಅಂತ ಅಪ್ಪನನ್ನು ಆ ಸಂಜೆಯೇ ಕೇಳಿದ್ದೆ. ಅಪ್ಪ ಎದ್ದು ಕೈ ತೊಳೆಯಲು ಹೋದರು. ಮರುದಿನ ಬೆಳಿಗ್ಗೆ ಹಾಲಿಗೆ ಹೊರಟರೆ ರಾತ್ರಿ ಮನೆಗೆ ಬೀಗವೇ ಹಾಕಿಲ್ಲ, ಬಾಗಿಲು ಸುಮ್ಮನೆ ಮುಚ್ಚಿದೆ. “ಮರ್ತೆ ಕಣೇ” ಅಂದರು ಅಪ್ಪ. ಬೀಗದವನು ಬೀಗ ಹಾಕುವುದನ್ನು ಮರೆತನಂತೆ, ಮೀನು ಈಜು ಮರೆತ ಹಾಗೆ. ಅವತ್ತಿನಿಂದ ದಿನಾ ಮರೆಯುತ್ತಿದ್ದಾರೆ. ಹಾಗಾಗಿ ಬೀಗದ ಕೈ ಇದ್ದರೆ ತಾ, ಇಲ್ಲದಿದ್ದರೆ ಸುಮ್ಮನೆ ತಳ್ಳು. ಬಾಗಿಲು ಕಿರುಗುಟ್ಟುತ್ತದೆ. ಎಣ್ಣೆ ಡಬ್ಬಿಯನ್ನು ನಾನೇ ಬಚ್ಚಿಟ್ಟಿದ್ದೇನೆ. ನೀನು ಬಂದದ್ದು ಮೊದಲು ನನಗೆ ಕೇಳಿಸಬೇಕು.